ವಂಶವೃಕ್ಷದಲ್ಲಿ ಬಿಟ್ಟುಹೋದ ಹೆಸರುಗಳು

ಮನೆತನದ ವಂಶವೃಕ್ಷವನ್ನು ಬರೆದಿಡಬೇಕೆಂಬ ಆಸೆ ನಮ್ಮ ಪಟ್ಟಣಗಳ ವಿದ್ಯಾವಂತರಲ್ಲಿ ಈಚೆಗೆ ಬಲಿಯುತ್ತಲಿದೆ. ಹಿರಿಯರನ್ನು ಕೇಳಿ, ಹಳೆಯ ಕ್ರಯಪತ್ರ ವಿಭಾಗಪತ್ರಗಳನ್ನು ತಿರುವಿಹಾಕಿ, ನಾಲ್ಕಾರು ತಲೆಗಳ ಹೆಸರುಗಳನ್ನು ಕೂಡಿಸುವುದು ಅಷ್ಟೇನೂ ಕಷ್ಟವಲ್ಲ. ಆದರೆ ಎಲ್ಲಿಯೋ ಒಂದು ಕಡೆ ಲೇಖನಿ ತಡೆಯುತ್ತದೆ. “ಆ ಹೆಸರು ಬೇಡ, ಬಿಟ್ಟುಬಿಡು” ಎಂದು ಮನೆಯ ಹಿರಿಯರು ಧ್ವನಿ ತಗ್ಗಿಸಿ ಹೇಳುವ ಸ್ಥಳವದು. ವಿವಾಹವಿಲ್ಲದೆ ಹುಟ್ಟಿದ ಮಗುವನ್ನು ವಂಶವೃಕ್ಷದಲ್ಲಿ ಹೇಗೆ ಕಾಣಿಸಬೇಕೆಂಬುದೇ ನಮ್ಮ ಈ ಹೊತ್ತಿನ ವಿಚಾರ.

ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಹೇಮಾವತಿಯ ದಡದ ಅಕ್ಕಿಹೆಬ್ಬಾಳಿನಿಂದ ಬಂದು ಮೈಸೂರಿನಲ್ಲಿ ನೆಲಸಿದ ಒಂದು ಒಕ್ಕಲು ಮನೆತನವನ್ನು ಕಲ್ಪಿಸಿಕೊಳ್ಳೋಣ. ಮುತ್ತಜ್ಜನಿಗೆ ಧಾರೆಯಾದ ಹೆಂಡತಿಯಲ್ಲಿ ಮೂವರು ಮಕ್ಕಳು. ಹೊಳೆಯಾಚೆಯ ಊರಿನಲ್ಲಿ ‘ಇಟ್ಟುಕೊಂಡವಳು’ ಎನ್ನಿಸಿಕೊಂಡ ಹೆಂಗಸಿನಲ್ಲಿ ಒಬ್ಬ ಮಗ. ಆ ಮಗನ ಮೊಮ್ಮಕ್ಕಳು ಇಂದಿಗೂ ಮದುವೆಗೆ, ತಿಥಿಗೆ ಬಂದು ಹೋಗುತ್ತಾರೆ. ಊಟದ ಪಂಕ್ತಿಯಲ್ಲಿ ಕೂರುತ್ತಾರೆ. ಕಾಗದದ ಮೇಲೆ ಮಾತ್ರ ಅವರಿಲ್ಲ.

ಈ ಸಂಕೋಚದ ಮೂಲ ಎರಡು ಪತ್ರಗಳನ್ನು ಒಂದೆಂದು ಭಾವಿಸಿರುವುದರಲ್ಲಿದೆ. ಪೌತಿ ಖಾತೆಗಾಗಿ ನಾಡಕಚೇರಿಯಿಂದ ಪಡೆಯುವ ವಂಶವೃಕ್ಷ ‘ಸ್ವತ್ತು ಯಾರಿಗೆ?’ ಎಂಬ ಪ್ರಶ್ನೆಗೆ ಉತ್ತರ. ಮನೆಯಲ್ಲಿ ನಾವು ಬರೆಯುವ ವಂಶವೃಕ್ಷ ‘ಯಾರು ಯಾರಿಗೆ ಹುಟ್ಟಿದರು?’ ಎಂಬುದಕ್ಕೆ ಉತ್ತರ. ಹೆಸರು ಬರೆದರೆ ಜಮೀನು ಹೋದೀತೆಂದು ಹೆದರುವವರು ಮೊದಲನೆಯದನ್ನು ಮನಸ್ಸಿನಲ್ಲಿಟ್ಟುಕೊಂಡು ಎರಡನೆಯದನ್ನು ತಿದ್ದುತ್ತಾರೆ. ಈ ಹೆದರಿಕೆ ಪೂರ್ತಿ ನಿರಾಧಾರವೂ ಅಲ್ಲ. ಮೃತರ ರಕ್ತಸಂಬಂಧದ ವಿಷಯದಲ್ಲಿ, ವ್ಯಾಜ್ಯ ಹುಟ್ಟುವುದಕ್ಕೆ ಮುಂಚೆ ಬರೆದ ಮನೆತನದ ವಂಶಾವಳಿಯನ್ನು ನ್ಯಾಯಾಲಯ ಪರಿಶೀಲಿಸಬಹುದೆಂದು 1872ರ ಸಾಕ್ಷ್ಯ ಕಾಯಿದೆಯೇ ಹೇಳಿದ್ದಿತು. ಆದುದರಿಂದಲೇ ಅದರಲ್ಲಿ ಸುಳ್ಳಿಗೆ ಎಡೆಯಿರಬಾರದು. ಹೆಸರು ಬರೆದ ಮಾತ್ರಕ್ಕೆ ಪಾಲು ಹುಟ್ಟುವುದಿಲ್ಲ. ಅಳಿಸಿದ ಮಾತ್ರಕ್ಕೆ ಇರುವ ಪಾಲು ಸಾಯುವುದೂ ಇಲ್ಲ.

ಪಾಲಿನ ವಿಷಯದಲ್ಲಿ ಶಾಸ್ತ್ರ ನಡೆದುಬಂದ ದಾರಿ ವಿಚಿತ್ರವಾಗಿದೆ. ಯಾಜ್ಞವಲ್ಕ್ಯಸ್ಮೃತಿಯಲ್ಲಿ ಹನ್ನೆರಡು ಬಗೆಯ ಪುತ್ರರ ಗಣನೆಯುಂಟು: ಕನ್ಯೆಯಲ್ಲಿ ಹುಟ್ಟಿದವನು ಕಾನೀನ, ಗುಟ್ಟಾಗಿ ಹುಟ್ಟಿದವನು ಗೂಢಜ, ಮದುವೆಯ ವೇಳೆಗೆ ಗರ್ಭದಲ್ಲಿದ್ದವನು ಸಹೋಢಜ. ನಮ್ಮ ಕಲ್ಯಾಣದಲ್ಲಿ ಕುಳಿತು ಅದಕ್ಕೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು, ಶೂದ್ರನಿಗೆ ದಾಸಿಯಲ್ಲಿ ಹುಟ್ಟಿದ ಮಗನಿಗೂ ತಂದೆಯ ಇಚ್ಛೆಯಂತೆ ಪಾಲುಂಟೆಂದು ವಿವರಿಸಿದನು. ನಮ್ಮ ಅಜ್ಜಂದಿರು ಒಂದೇ ಬೈಗುಳದಲ್ಲಿ ಮುಗಿಸಿಬಿಡುತ್ತಿದ್ದ ವಿಷಯಕ್ಕೆ ಸ್ಮೃತಿಕಾರರಲ್ಲಿ ಇಷ್ಟು ಹೆಸರುಗಳಿದ್ದುವು! 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಾದರೋ ಮದುವೆಯೇ ಇಲ್ಲದೆ ಹುಟ್ಟಿದವರನ್ನು ತಾಯಿಗೂ ಆಕೆಯ ಅಂಥ ಇತರ ಮಕ್ಕಳಿಗೂ ಸಂಬಂಧಿಗಳೆಂದು ಎಣಿಸಿತೇ ಹೊರತು ತಂದೆಗಲ್ಲ. ಮದುವೆ ನಡೆದೂ ಅಸಿಂಧುವಾದಾಗ ಮಾತು ಬೇರೆ. 1955ರ ಹಿಂದೂ ವಿವಾಹ ಕಾಯಿದೆಯ 16ನೆಯ ಕಲಮು ಅಂಥವರ ಮಕ್ಕಳನ್ನು ಸಕ್ರಮರೆಂದೇ ಭಾವಿಸುತ್ತದೆ. ಕರ್ನಾಟಕದಿಂದ ಹೋದ ರೇವಣಸಿದ್ದಪ್ಪ–ಮಲ್ಲಿಕಾರ್ಜುನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2023ರ ಸೆಪ್ಟೆಂಬರ್ 1ರಂದು, ಇಂಥ ಮಕ್ಕಳಿಗೆ ಅವಿಭಕ್ತ ಕುಟುಂಬದ ಸ್ವತ್ತಿನಲ್ಲಿ ತಂದೆತಾಯಿಗಳಿಗೆ ಸಲ್ಲಬೇಕಾದ ಭಾಗದಲ್ಲಿಯೂ ಹಕ್ಕುಂಟೆಂದು ತೀರ್ಮಾನಿಸಿತು. ಇತರ ಬಂಧುಗಳ ಸ್ವತ್ತಿನಲ್ಲಿ ಇಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನಮ್ಮ ಮುತ್ತಜ್ಜನು 1940ರಲ್ಲಿ ಆ ಹೆಂಗಸನ್ನು ಧಾರೆಯೆರೆಸಿಕೊಂಡಿದ್ದರೆ ಆಕೆ ಧರ್ಮಸಮ್ಮತಳಾದ ಕಿರಿಯ ಹೆಂಡತಿ. 1960ರಲ್ಲಿ ಅದೇ ಧಾರೆ ಅಸಿಂಧು. ವಿಧವೆಯರ ‘ಕೂಡಿಕೆ’ಯ ವಿಷಯವೂ ಹೀಗೆಯೇ, ಕುಲದವರು ಒಪ್ಪಿದ ಸಂಬಂಧವೇ ಆದರೂ ಮಾತಿನಲ್ಲಿ ಅದನ್ನು ಒಂದು ಮೆಟ್ಟಿಲು ಕೆಳಗಿಟ್ಟು ಹೇಳುತ್ತಿದ್ದರು. ಕಾಲದಿಂದ ಕಾಲಕ್ಕೆ ಬದಲಾದುದು ತಂದೆತಾಯಿಗಳ ಸಂಬಂಧದ ಹೆಸರು. ಮಗುವಿನ ಜನನ ಬದಲಾಗಲಿಲ್ಲ.

ಆದಕಾರಣ ಚಿಹ್ನೆ ಇರಬೇಕಾದುದು ತಂದೆತಾಯಿಗಳ ನಡುವೆ. ಮಗುವಿನ ತಲೆಯ ಮೇಲಲ್ಲ. ಮದುವೆಯಾದವರ ನಡುವೆ ಎರಡು ಗೆರೆ, ಆಗದವರ ನಡುವೆ ಒಂದು ಗೆರೆ. ಅಲ್ಲಿಂದ ಮಕ್ಕಳಿಗೆ ಇಳಿಯುವ ಗೆರೆ ಮಾತ್ರ ಎಲ್ಲರಿಗೂ ಒಂದೇ ತೆರನಾಗಿರಲಿ. ಹುಟ್ಟಿದ ವರ್ಷದ ಕ್ರಮದಲ್ಲಿ ನಾಲ್ವರನ್ನೂ ಒಂದೇ ಸಾಲಿನಲ್ಲಿ ಬರೆಯತಕ್ಕದ್ದು. ಸಾಕಿದವರು ಬೇರೆಯಾಗಿದ್ದರೆ ಅವರಿಗೂ ಚುಕ್ಕೆಗಳ ಗೆರೆಯೊಂದು ಸಲ್ಲಬೇಕು. ವ್ಯಾಸಭಾರತವು ಕರ್ಣನನ್ನು ರಾಧೇಯನೆಂದೂ ಕೌಂತೇಯನೆಂದೂ ಕರೆದು, ಸಾಕಿದವಳನ್ನೂ ಹೆತ್ತವಳನ್ನೂ ಉಳಿಸಿಕೊಂಡಿತು. ತಂದೆ ಯಾರೆಂದು ತಿಳಿಯದಿದ್ದರೆ ಸ್ಥಳವನ್ನು ಖಾಲಿ ಬಿಡಬೇಕು. ಊರಮಾತನ್ನು ನಂಬಿ ತುಂಬಕೂಡದು. ಹೇಳಿದವರೊಬ್ಬರಿದ್ದರೆ, ಯಾರು ಯಾವಾಗ ಹೇಳಿದರೆಂಬುದನ್ನು ಅಂಚಿನಲ್ಲಿ ಬರೆಯಬಹುದು. ಬದುಕಿರುವವರ ವಿಷಯವನ್ನಂತೂ ಅವರ ಒಪ್ಪಿಗೆಯಿಲ್ಲದೆ ಹತ್ತು ಜನರ ಕೈಗೆ ಕೊಡಲಾಗದು. ಗುಟ್ಟು ಅವರದು, ನಮ್ಮದಲ್ಲ.

ಹಿಂದೆ ಈ ಕೆಲಸಕ್ಕೆಂದೇ ಹೆಳವರಿದ್ದರು. ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯಲ್ಲಿ ಮರೆಸಿಕೊಂಡು ಊರೂರಿಗೆ ಬಂದು ಮನೆಮನೆಯ ವಂಶಾವಳಿಯನ್ನು ಹೇಳುತ್ತಿದ್ದರು. ಕೇಳುವ ಯಜಮಾನನೇ ಕಾಳು ಅಳೆದುಕೊಡತಕ್ಕವನಾಗಿದ್ದುದರಿಂದ, ಯಾವ ಹೆಸರು ಏರುಧ್ವನಿಯಲ್ಲಿ ಬರುತ್ತಿದ್ದಿತೆಂಬುದನ್ನು ಊಹಿಸುವುದು ಕಷ್ಟವಲ್ಲ.

ಇಷ್ಟಾದರೂ ಕಳೆದುಹೋಗುವ ಹೆಸರೊಂದುಂಟು, ಅದು ತಾಯಿಯದು. ಮಗನ ಹೆಸರು ಹೇಗೋ ಉಳಿದಿರುತ್ತದೆ. ಆಕೆ ಮಾತ್ರ ‘ಹೊಳೆಯಾಚೆಯವಳು’ ಆಗಿಯೇ ನಿಂತುಬಿಡುತ್ತಾಳೆ. ಇದನ್ನು ಗಂಡಸರಲ್ಲಿ ಕೇಳಿ ಪ್ರಯೋಜನವಿಲ್ಲ. ಮನೆಯ ಮುದುಕಿಯರನ್ನು, ಅವರು ಬದುಕಿರುವಾಗಲೇ, ಒಬ್ಬರೇ ಇದ್ದಾಗ ಕೇಳಬೇಕು. ಕಾಗದಪತ್ರಗಳಲ್ಲಿ ಹುಡುಕುವವರಿಗೆ ಇನ್ನೊಂದು ಮಾತು: ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. ಅದಕ್ಕೆ ಹಿಂದಿನ ಪತ್ರಗಳಲ್ಲಿ ಅಕ್ಕಿಹೆಬ್ಬಾಳನ್ನು ಮೈಸೂರು ಜಿಲ್ಲೆಯ ಹೆಸರಿನಡಿ ಅರಸಬೇಕು. ಆಕೆಗೆ ಬರೆದುಕೊಟ್ಟ ತುಂಡು ಗದ್ದೆಯ ದಾನಪತ್ರವೇನಾದರೂ ಇದ್ದರೆ, ಆಕೆಯ ಹೆಸರೂ ಆಕೆಯ ತಂದೆಯ ಹೆಸರೂ ಅಲ್ಲಿ ದೊರೆತಾವು.