ಏಕ ಫೋಟಾನಿನ ಬೆಳಕು

ದೀಪವನ್ನು ಎಷ್ಟು ಕುಗ್ಗಿಸಿದರೂ ಅದು ಫೋಟಾನುಗಳನ್ನು, ಎಂದರೆ ಬೆಳಕಿನ ಕಣಗಳನ್ನು, ಒಂದೊಂದಾಗಿ ಎಣಿಸಿ ಕೊಡಲಾರದು. ಲೇಸರಿನ ಮಿಡಿತವೊಂದಕ್ಕೆ ಸರಾಸರಿ 0.1 ಫೋಟಾನು ಬರುವಂತೆ ಮಂದಗೊಳಿಸಿದರೆ, 1000 ಮಿಡಿತಗಳಲ್ಲಿ ಸುಮಾರು 905 ಬರಿದಾಗಿಯೂ, 90 ಒಂದೇ ಕಣವುಳ್ಳವಾಗಿಯೂ, 5 ಒಂದಕ್ಕಿಂತ ಹೆಚ್ಚು ಕಣಗಳುಳ್ಳವಾಗಿಯೂ ಇರುವುವು. ಬೆಳಕಿನ ಮೂಲಕ ಗುಪ್ತಸಂಕೇತವನ್ನು ಕಳುಹಿಸುವಾಗ ಈ ಐದರಲ್ಲಿಯೇ ಅಪಾಯವಿದೆ. ಬೇರೆ ಕಾವಲಿಲ್ಲದಿದ್ದರೆ ಹೆಚ್ಚಿನ ಕಣವನ್ನು ಕಳ್ಳನು ತಿಳಿಯದಂತೆ ಅಪಹರಿಸಬಹುದು.

1986ರಲ್ಲಿ ಹಾಂಗ್, ಮ್ಯಾಂಡೆಲ್ ಎಂಬವರು ಪ್ರಯೋಗದಿಂದ ತೋರಿಸಿದ ಉಪಾಯವನ್ನು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯೂ ಬಳಸಿಕೊಂಡಿದೆ. ವಿಶಿಷ್ಟ ಸ್ಫಟಿಕವನ್ನು ಹೊಕ್ಕ ಫೋಟಾನು ವಿರಳವಾಗಿ ಕಡಿಮೆ ಶಕ್ತಿಯ ಯಮಳ ಫೋಟಾನುಗಳಾಗಿ ಒಡೆಯುವುದು. ಒಂದನ್ನು ಗ್ರಾಹಕಯಂತ್ರವು ಹಿಡಿದರೆ ಇನ್ನೊಂದು ಹೊರಟಿರುವುದು ಖಚಿತವಾಗುವುದು. ಆದರೆ ಯಮಳಗಳು ಯಾವ ಕ್ಷಣದಲ್ಲಿ ಹುಟ್ಟುವುವೆಂಬುದು ಆಕಸ್ಮಿಕ. ಆದುದರಿಂದ ಬೇಡಿದೊಡನೆ ಫೋಟಾನೊಂದನ್ನು ಕೊಡುವ ಆಕರವು ಇದಲ್ಲ.