ಬೀಗ ಹಾಕಿದ ಮನೆಯ ಕಿವಿ

ದಸರಾ ಹತ್ತಿರ ಬಂತೆಂದರೆ ಚೆನ್ನೈನ ಕನ್ನಡಿಗರ ಮನೆಗಳಲ್ಲಿ ಎರಡು ಪ್ರಶ್ನೆಗಳು ತಪ್ಪದೆ ಏಳುತ್ತವೆ. ಕಾವೇರಿ ಎಕ್ಸ್‌ಪ್ರೆಸ್‌ನಲ್ಲಿ ಟಿಕೆಟ್ ಕನ್ಫರ್ಮ್ ಆಯಿತೇ? ಮನೆಯನ್ನು ಯಾರು ನೋಡಿಕೊಳ್ಳುತ್ತಾರೆ? ಟಿಕೆಟ್ ಹೇಗೋ ಸಿಗುತ್ತದೆ. ಎರಡನೆಯ ಪ್ರಶ್ನೆಗೆ ಈಗ ಹೊಸ ಉತ್ತರವೊಂದು ಬಂದಿದೆ: ಬಾಗಿಲು, ಕಿಟಕಿಗಳ ಚೌಕಟ್ಟಿನೊಳಗೇ ಅಡಗಿ ಕೂರುವ ಸೆನ್ಸರ್.

ಕಟ್ಟಡಗಳ ಎಲೆಕ್ಟ್ರಾನಿಕ್ಸ್ ನನ್ನ ಹೊಟ್ಟೆಪಾಡು. ಹಾಗಾಗಿ ಇಲ್ಲಿನ ನಮ್ಮವರು ಸಿಕ್ಕಾಗಲೆಲ್ಲ ಕೇಳುತ್ತಾರೆ, ‘ಇದನ್ನು ನಂಬಿ ಊರಿಗೆ ಹೋಗಬಹುದಾ ಸಾರ್?’ ಅದಕ್ಕೆ ಏನು ಕೇಳಿಸುತ್ತದೆ, ಕೇಳಿಸಿದ್ದನ್ನು ಅದು ಯಾರಿಗೆ ಹೇಳುತ್ತದೆ ಎಂಬುದು ನಿಮಗೆ ಗೊತ್ತಿದ್ದರೆ ಹೋಗಬಹುದು ಎನ್ನುತ್ತೇನೆ.

ಈ ಯೋಚನೆ ಹೊಸದಲ್ಲ. 1853ರಲ್ಲೇ ಅಮೆರಿಕದ ಅಗಸ್ಟಸ್ ಪೋಪ್ ಎಂಬಾತ ಬಾಗಿಲು ತೆರೆದೊಡನೆ ವಿದ್ಯುತ್ ಹರಿದು ಗಂಟೆ ಬಾರಿಸುವ ವ್ಯವಸ್ಥೆಗೆ ಪೇಟೆಂಟ್ ಪಡೆದಿದ್ದ. ಇಂದು ಹೆಚ್ಚಿನ ಸೆನ್ಸರ್‌ಗಳ ಒಳಗಿರುವುದು ರೀಡ್ ಸ್ವಿಚ್. 1936ರಲ್ಲಿ ಬೆಲ್ ಲ್ಯಾಬ್ಸ್‌ನ ವಾಲ್ಟರ್ ಎಲ್‌ವುಡ್ ರೂಪಿಸಿದ್ದು. ಪುಟ್ಟ ಗಾಜಿನ ಕೊಳವೆಯೊಳಗೆ ಎರಡು ತೆಳು ಲೋಹದ ಪಟ್ಟಿಗಳು; ಕದದಲ್ಲಿರುವ ಅಯಸ್ಕಾಂತ ಹತ್ತಿರವಿದ್ದಾಗ ಅವು ಅಂಟಿಕೊಳ್ಳುತ್ತವೆ, ದೂರ ಹೋದರೆ ಬಿಟ್ಟುಕೊಳ್ಳುತ್ತವೆ. ಗಾಜು ಪೂರ್ತಿ ಮುಚ್ಚಿರುವುದರಿಂದ ಬೆಸೆಂಟ್ ನಗರದ ಉಪ್ಪುಗಾಳಿಯೂ ಒಳಗಿನ ಪಟ್ಟಿಗಳನ್ನು ತಿನ್ನಲಾರದು. ತುಕ್ಕು ಹಿಡಿಯುವುದು ಹೊರಗಿನ ತಂತಿ ಮತ್ತು ಬ್ಯಾಟರಿ ಕೂರುವ ಜಾಗಕ್ಕೆ.

ಆದರೆ ರೀಡ್ ಸ್ವಿಚ್‌ಗೆ ತಿಳಿಯುವುದು ‘ಬಾಗಿಲು ತೆರೆಯಿತು’ ಎಂಬುದಷ್ಟೇ. ಅಷ್ಟರಲ್ಲಿ ಕಳ್ಳ ಹೊಸಿಲು ದಾಟಿರುತ್ತಾನೆ. ಕಿಟಕಿ ಗಾಜು ಒಡೆದು ತೂರಿದರೆ ಕದ ಅಲುಗುವುದೇ ಇಲ್ಲ, ಸ್ವಿಚ್‌ಗೆ ಸುದ್ದಿಯೂ ಇಲ್ಲ. ರಾಡ್ ಹಾಕಿ ಮೀಟುವಾಗಲೇ ಎಚ್ಚರಿಸಬೇಕಾದರೆ ಚೌಕಟ್ಟಿನ ಅದುರುವಿಕೆಯನ್ನು ಗ್ರಹಿಸುವ ಸೆನ್ಸರ್ ಬೇಕು, ಗಾಜು ಒಡೆಯುವ ಸದ್ದು ಗುರುತಿಸುವಂಥದ್ದು ಬೇಕು. ‘ಸೆನ್ಸರ್ ಇರುವ ಕಿಟಕಿ’ ಎಂದು ಬಿಲ್ಡರ್ ಹೇಳಿದಾಗ, ಇವುಗಳಲ್ಲಿ ಯಾವುದು ಎಂದು ಕೇಳಿ.

ಸೆನ್ಸರ್‌ನ ಮೇಲೇ ಕೈ ಮಾಡಿದರೆ? ಪೋಪ್‌ನ ಗಂಟೆಯ ತಂತಿ ಕತ್ತರಿಸಿದರೆ ಸದ್ದೇ ಇಲ್ಲ. ಆಮೇಲೆ ಲೆಕ್ಕ ತಿರುಗಿಸಿದರು: ಬಾಗಿಲು ಮುಚ್ಚಿರುವಷ್ಟು ಹೊತ್ತೂ ವಿದ್ಯುತ್ ಹರಿಯುತ್ತಿರಬೇಕು, ತಂತಿ ಕತ್ತರಿಸಿದರೂ ಅಲಾರಂ ಕೂಗಬೇಕು. ವೈರ್‌ಲೆಸ್ ಆದರೆ ‘ನಾನು ಬದುಕಿದ್ದೇನೆ’ ಎಂದು ಆಗಾಗ ಸಂಕೇತ ಕಳಿಸುವಂಥದ್ದು, ಮುಚ್ಚಳ ಬಿಚ್ಚಿದರೆ ಕೂಗುವಂಥದ್ದು ಒಳ್ಳೆಯದು. ಹೊರಗಿನಿಂದ ಇನ್ನೊಂದು ಅಯಸ್ಕಾಂತ ಹಿಡಿದರೆ ಸಾಮಾನ್ಯ ರೀಡ್ ಸ್ವಿಚ್ ಮೋಸಹೋಗಬಹುದು. ಚೌಕಟ್ಟಿನೊಳಗೆ ಕಾಣದಂತೆ ಕೂರಿಸುವುದರ ಲಾಭ ಇಲ್ಲಿದೆ.

ಇನ್ನು ಚೆನ್ನೈನದೇ ತೊಂದರೆಗಳು. ಐಪ್ಪಸಿ, ಕಾರ್ತಿಗೈ ತಿಂಗಳ ಮಳೆಗೆ ಮರದ ಕದ ಉಬ್ಬುತ್ತದೆ, ಅಯಸ್ಕಾಂತಕ್ಕೂ ಸ್ವಿಚ್‌ಗೂ ನಡುವಿನ ಅಂತರ ಬದಲಾಗುತ್ತದೆ. ಪಕ್ಕದಲ್ಲೇ ಕಬ್ಬಿಣದ ಗ್ರಿಲ್ ಇದ್ದರೆ ಅಯಸ್ಕಾಂತದ ಸೆಳೆತ ಕುಗ್ಗುತ್ತದೆ. ದೀಪಾವಳಿ ಪಟಾಕಿಗೆ ಅದುರುವಿಕೆಯ ಸೆನ್ಸರ್ ಸುಮ್ಮಸುಮ್ಮನೆ ಕೂಗುತ್ತದೆ. ರೋಸಿಹೋದ ಮನೆಯವರು ಆಫ್ ಮಾಡಿ ಊರಿಗೆ ಹೊರಡುತ್ತಾರೆ. ಹಬ್ಬಕ್ಕೆ ಮುಂಚೆ ಟೆಕ್ನಿಷಿಯನ್ ಕರೆಸಿ ಹದಗೊಳಿಸಬೇಕಾದದ್ದು ಇದಕ್ಕೇ.

ಎಲ್ಲಕ್ಕಿಂತ ದೊಡ್ಡದು ಕರೆಂಟು. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ವೇಳಚೇರಿ, ಪಳ್ಳಿಕರಣೈ ಕಡೆ ದಿನಗಟ್ಟಲೆ ವಿದ್ಯುತ್ ಇರಲಿಲ್ಲ, ಮೊಬೈಲ್ ಸಿಗ್ನಲ್ಲೂ ಕೈಕೊಟ್ಟಿತ್ತು. ಸೆನ್ಸರ್‌ನ ಬ್ಯಾಟರಿ ಗಟ್ಟಿಯಿದ್ದರೂ ವೈಫೈ ರೂಟರ್ ಸತ್ತರೆ ಸುದ್ದಿ ಮನೆಯಿಂದ ಹೊರಗೇ ಹೋಗದು. ಆದ್ದರಿಂದ ಬ್ಯಾಟರಿಯಲ್ಲಿ ನಡೆಯುವ ಸೈರನ್ ಮನೆಯಲ್ಲೇ ಇರಲಿ, ರೂಟರ್‌ಗೆ ಯುಪಿಎಸ್ ಇರಲಿ.

ಅಮೆರಿಕದಲ್ಲಿರುವ ಮಗಳೋ ತಮ್ಮನೋ ಸೆನ್ಸರ್ ತಂದುಕೊಟ್ಟರೆ ಒಂದು ಮಾತು ನೆನಪಿರಲಿ. ಝಡ್-ವೇವ್ ಬಗೆಯವು ಅಲ್ಲಿ 908 ಮೆಗಾಹರ್ಟ್ಸ್ ಸುಮಾರಿನಲ್ಲಿ ಮಾತಾಡುತ್ತವೆ, ಭಾರತದಲ್ಲಿ 865ರಲ್ಲಿ. ಇಲ್ಲಿನ ಹಬ್‌ಗೂ ಅದಕ್ಕೂ ಹೊಂದಿಕೆಯಾಗದು. ಬಾಡಿಗೆ ಮನೆಯವರು ಚೌಕಟ್ಟು ಕೊರೆಯುವ ಮುನ್ನ ಓನರ್ ಒಪ್ಪಿಗೆ ಪಡೆಯಬೇಕು. ಒಪ್ಪದಿದ್ದರೆ ಅಂಟಿಸುವ ಸೆನ್ಸರ್ ಸಾಕು, ಮನೆ ಬಿಡುವಾಗ ಜೊತೆಗೇ ಬರುತ್ತದೆ.

ಈಗ ಕೊನೆಯ ಪ್ರಶ್ನೆ: ಯಾರಿಗೆ ಹೇಳುತ್ತದೆ? ರಾತ್ರಿ ಎರಡು ಗಂಟೆಗೆ ಮೈಸೂರಿನಲ್ಲಿ ನಿಮ್ಮ ಫೋನ್ ಕೂಗಿದರೆ, ನಡುವೆ ಸುಮಾರು 500 ಕಿಲೋಮೀಟರ್ ಇದೆ. ಆಗ ಬೇಕಾಗುವುದು ಮನೆಯ ಹತ್ತಿರವೇ ಇರುವ ಒಬ್ಬ ಮನುಷ್ಯ. ಎದುರು ಮನೆ ಮಾಮಿಯ ನಂಬರನ್ನೂ, ವಾಚ್‌ಮನ್ ನಂಬರನ್ನೂ ಅವರ ಒಪ್ಪಿಗೆ ಪಡೆದು ಅಲಾರಂಗೆ ಸೇರಿಸಿ. ‘ವೀಟ್ಟ ಕೊಂಜಂ ಪಾತ್ತುಕ್ಕೋಂಗ’ ಎಂಬ ಮಾತನ್ನು ಬಾಯ್ತುಂಬ ಹೇಳಿ ಹೊರಡಿ, ಬರುವಾಗ ಮೈಸೂರುಪಾಕ್ ತನ್ನಿ. ಮನೆ ಬೀಗ ಹಾಕಿರುತ್ತದೆಂದು ಠಾಣೆಗೂ ತಿಳಿಸಿ. 2022ರಿಂದ ತಾಂಬರಂ, ಆವಡಿಗೆ ಪ್ರತ್ಯೇಕ ಪೊಲೀಸ್ ಕಮಿಷನರೇಟ್‌ಗಳಿವೆ. ನಿಮ್ಮ ಠಾಣೆ ಯಾವುದು, ಅದರ ಫೋನ್ ನಂಬರ್ ಏನು ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ. ದೂರದ ಊರಿನಿಂದ ಅದು ಬೇಗ ಕೆಲಸಕ್ಕೆ ಬರುತ್ತದೆ.

ಹೊರಡುವ ಹಿಂದಿನ ಭಾನುವಾರ ಒಂದು ಪರೀಕ್ಷೆ ಮಾಡಿ. ಅಲಾರಂ ಆನ್ ಮಾಡಿ ಒಂದೊಂದೇ ಬಾಗಿಲು, ಕಿಟಕಿ ತೆರೆಯಿರಿ. ಕೀಲಿ ಹಾಕಿದ ಕದವನ್ನು ಅಲುಗಾಡಿಸಿ. ಮೇನ್ ಸ್ವಿಚ್ ಆಫ್ ಮಾಡಿ ಮತ್ತೊಮ್ಮೆ ನೋಡಿ. ಮೂರು ಸಲವೂ ಸೈರನ್ ಕೂಗಿ, ಮಾಮಿಯ ಫೋನೂ ರಿಂಗ್ ಆದರೆ ಪೆಟ್ಟಿಗೆ ಕಟ್ಟಲು ಶುರುಮಾಡಿ. ಒಡವೆ ಮಾತ್ರ ಬ್ಯಾಂಕ್ ಲಾಕರ್‌ನಲ್ಲೇ ಇರಲಿ.