ಸೆಲ್ಟ್ಸರ್ ಎಂದರೇನು? ಸೋಡಾ ನೀರು ಔಷಧಿಯೇ?

ಹೊಟ್ಟೆ ಉಬ್ಬರಿಸಿದರೆ, ಎದೆ ಉರಿದರೆ, ಮದುವೆ ಊಟ ಜೀರ್ಣವಾಗದಿದ್ದರೆ ನಮ್ಮ ಜನರು ಮೊದಲು ಕೇಳುವುದು ಸೋಡಾ. ವಾರ್ಡಿನಲ್ಲಿ ರೋಗಿಯ ಜೊತೆಗಿರುವವರೂ "ಸಿಸ್ಟರ್, ಒಂದು ಸೋಡಾ ತಂದು ಕೊಡಬಹುದೇ?" ಎಂದು ಕೇಳುತ್ತಾರೆ. ಸೋಡಾ ಔಷಧಿ ಎಂಬ ಈ ನಂಬಿಕೆ ಎಲ್ಲಿಂದ ಬಂತು ಎಂಬುದನ್ನು ತಿಳಿದುಕೊಳ್ಳೋಣ.

ಹೆಸರಿನ ಮೂಲ

ಗುಳ್ಳೆ ಬರುವ ನೀರಿಗೆ ಇಂಗ್ಲಿಷಿನಲ್ಲಿ 'ಸೆಲ್ಟ್ಸರ್' ಎಂಬ ಹೆಸರಿದೆ. ಇದು ಜರ್ಮನ್ ಭಾಷೆಯ 'ಸೆಲ್ಟರ್ಸ್' ಎಂಬ ಊರಿನ ಹೆಸರಿನಿಂದ ಬಂದದ್ದು. ಕ್ರಿ.ಶ. 772ರ ದಾಖಲೆಯಲ್ಲಿ ಆ ಊರಿನ ಹೆಸರು 'ಸಾಲ್ಟ್ರಿಸ್ಸಾ' ಎಂದಿದೆ. ಉಪ್ಪು ಎಂಬ ಅರ್ಥದ ಪದವೇ ಇದರ ಮೂಲ ಎನ್ನುತ್ತಾರೆ. ಅಲ್ಲಿಯ ಬುಗ್ಗೆಯ ನೀರಿನಲ್ಲಿ ಸೋಡಿಯಂ ಮೊದಲಾದ ಲವಣಗಳೂ ಇಂಗಾಲದ ಡೈಆಕ್ಸೈಡ್ ಅನಿಲವೂ ಸಹಜವಾಗಿಯೇ ಇವೆ. 18ನೇ ಶತಮಾನದಲ್ಲಿ ಆ ನೀರನ್ನು ಮಣ್ಣಿನ ಜಾಡಿಗಳಲ್ಲಿ ತುಂಬಿ, ಔಷಧಿಯೆಂದು ದೂರದೂರದ ದೇಶಗಳಿಗೆ ಮಾರುತ್ತಿದ್ದರು.

ನಮ್ಮ ರಾಜ್ಯದಲ್ಲೂ ಇಂಥ ಹೆಸರಿದೆ. ಪುತ್ತೂರು ತಾಲೂಕಿನ ಇರ್ದೆಯಲ್ಲಿರುವ ಬಿಸಿನೀರಿನ ಬುಗ್ಗೆಗೆ 'ಬೆಂದ್ರು ತೀರ್ಥ' ಎನ್ನುತ್ತಾರೆ. ತುಳುವಿನಲ್ಲಿ ಬೆಂದ್ರು ಎಂದರೆ ಬಿಸಿನೀರು. ಅಲ್ಲಿ ಮಿಂದರೆ ಚರ್ಮರೋಗ ವಾಸಿಯಾಗುತ್ತದೆ ಎಂದು ಜನರು ನಂಬುತ್ತಾರೆ. ನೆಲದಿಂದ ಉಕ್ಕುವ ನೀರನ್ನು ಔಷಧಿಯೆಂದು ಕಾಣುವುದು ಎಲ್ಲ ಕಡೆಯೂ ಇದ್ದದ್ದೇ.

ಬುಗ್ಗೆಯಿಂದ ಬಾಟಲಿಗೆ

1767ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಎಂಬ ವಿಜ್ಞಾನಿ ಸಾಮಾನ್ಯ ನೀರಿಗೆ ಈ ಅನಿಲವನ್ನು ಬೆರೆಸಿದರು. ವಿಧಾನವನ್ನು 1772ರಲ್ಲಿ ಪ್ರಕಟಿಸಿದರು. ಬುಗ್ಗೆಯ ನೀರನ್ನು ಅನುಕರಿಸಲು ಸೋಡಿಯಂ ಲವಣವನ್ನೂ ಹಾಕುತ್ತಿದ್ದುದರಿಂದ 'ಸೋಡಾ' ಎಂಬ ಹೆಸರು ಉಳಿಯಿತು. 1872ರಲ್ಲಿ ಹೈರಮ್ ಕಾಡ್ ಎಂಬುವರು ಗೋಲಿಯಿರುವ ಬಾಟಲಿಗೆ ಪೇಟೆಂಟ್ ಪಡೆದರು. ಅದೇ ನಮ್ಮ ಗೋಲಿ ಸೋಡಾ ಬಾಟಲಿ.

ಅಂಗಡಿಯ ಸಾದಾ ಸೋಡಾ ಎಂದರೆ ಮುಖ್ಯವಾಗಿ ನೀರು ಮತ್ತು ಅನಿಲ. ಕುಡಿದಾಗ ಆ ಅನಿಲವೇ ತೇಗಾಗಿ ಹೊರಬರುತ್ತದೆ. ಸ್ವಲ್ಪ ಹಗುರವೆನಿಸಬಹುದು, ಆದರೆ ಕಾಯಿಲೆ ಗುಣವಾಗುವುದಿಲ್ಲ.

ಗಮನಿಸಬೇಕಾದ ಅಂಶಗಳು

1. ಎದೆ ನೋವನ್ನು 'ಗ್ಯಾಸ್' ಎಂದು ತಿಳಿದು ಸೋಡಾ ಕುಡಿದು ಮಲಗಬೇಡಿ. ಎದೆಯ ನಡುವೆ ಭಾರವಿಟ್ಟಂತೆ ಆಗುವುದು, ನೋವು ಭುಜ, ತೋಳು, ದವಡೆ ಅಥವಾ ಬೆನ್ನಿಗೆ ಹರಡುವುದು, ತಣ್ಣನೆ ಬೆವರು, ಉಸಿರುಗಟ್ಟುವಿಕೆ – ಇವು ಹೃದಯಾಘಾತದ ಲಕ್ಷಣಗಳು. ತೇಗು ಬಂದು ಹಗುರವಾಯಿತೆಂದು ಹೃದಯ ಸರಿಯಿದೆ ಎನ್ನಲಾಗದು. ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ನೋವು ಕಡಿಮೆ ಇದ್ದು, ಸುಸ್ತು ಅಥವಾ ವಾಕರಿಕೆ ಮಾತ್ರ ಕಾಣಬಹುದು.

2. ಇಂಥ ಲಕ್ಷಣ ಕಂಡರೆ ರೋಗಿಯನ್ನು ನಡೆಸಬೇಡಿ, ಕೂರಿಸಿ. 108ಕ್ಕೆ ಕರೆ ಮಾಡಿ. ಚಿತ್ತಾಕುಲ, ಸದಾಶಿವಗಡದವರು ಬೆಳಗಾಗಲಿ ಎಂದು ಕಾಯದೆ ಕಾಳಿ ಸೇತುವೆ ದಾಟಿ ಕಾರವಾರದ ಆಸ್ಪತ್ರೆಗೆ ಬನ್ನಿ. ಮೊದಲು ಇ.ಸಿ.ಜಿ. ಆಗಬೇಕು. ತಡವಾದಷ್ಟೂ ಹೃದಯದ ಸ್ನಾಯು ಹಾಳಾಗುತ್ತದೆ.

3. ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ಉಪ್ಪು ಹಾಕಿದ ನಿಂಬೆ ಸೋಡಾ, ನೀರಿನಲ್ಲಿ ಬುರಬುರನೆ ಕರಗುವ ಪುಡಿ, ಅಡುಗೆ ಸೋಡಾ ಇವುಗಳನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಇವುಗಳಲ್ಲಿ ಸೋಡಿಯಂ ಇರುತ್ತದೆ. ಅದು ದೇಹದಲ್ಲಿ ನೀರು ನಿಲ್ಲಿಸುತ್ತದೆ.

4. ವಾಂತಿ-ಭೇದಿಗೆ ಸೋಡಾ ಮದ್ದಲ್ಲ. ಸಿಹಿ ಸೋಡಾದಿಂದ ಭೇದಿ ಹೆಚ್ಚಬಹುದು. ಓ.ಆರ್.ಎಸ್. ಪೊಟ್ಟಣದ ಮೇಲೆ ಬರೆದಷ್ಟೇ ಶುದ್ಧ ನೀರಿನಲ್ಲಿ ಪುಡಿಯನ್ನು ಕರಗಿಸಿ, ಸ್ವಲ್ಪ ಸ್ವಲ್ಪವಾಗಿ ಕುಡಿಸಿ.

5. ಶಸ್ತ್ರಚಿಕಿತ್ಸೆಯಾದ ರೋಗಿಗೆ ಹೊರಗಿನಿಂದ ಸೋಡಾ ತಂದು ಕೊಡಬೇಡಿ. ಬಾಯಿಗೆ ಏನು, ಯಾವಾಗ ಕೊಡಬೇಕೆಂಬುದನ್ನು ವಾರ್ಡಿನ ಸಿಸ್ಟರ್ ತಿಳಿಸುತ್ತಾರೆ.

ಬಾಯಾರಿದಾಗ ಆರೋಗ್ಯವಂತರು ಒಮ್ಮೊಮ್ಮೆ ಸೋಡಾ ಕುಡಿದರೆ ತೊಂದರೆಯಿಲ್ಲ. ಎದೆ ನೋವಿಗೆ ಮಾತ್ರ ಸೋಡಾ ಬೇಡ, ಆಸ್ಪತ್ರೆಗೆ ಬನ್ನಿ. ಈ ಮಾತನ್ನು ಮನೆಯವರಿಗೂ ನೆರೆಹೊರೆಯವರಿಗೂ ತಿಳಿಸಿ.